ಒಂದೇ ಗುಂಡು ಕೇಳಿಸಿದಾಗ

ಮಡಿಕೇರಿ, ಫೆಬ್ರವರಿ 30, 2164

ಪ್ರೀತಿಯ ದೇಚಮ್ಮಜ್ಜಿಗೆ,

ದಿನಾಂಕ ನೋಡಿ ಗಾಬರಿಯಾಗಬೇಡಿ. ನಮ್ಮ ಕ್ಯಾಲೆಂಡರಿನಲ್ಲಿ ಫೆಬ್ರವರಿಗೂ ಮೂವತ್ತು ದಿನ. ನಾನು ನಿಮ್ಮ ಮರಿಮಗಳ ಮರಿಮಗಳು ಮುತ್ತಕ್ಕಿ, ಕಾಲೇಜಿನಲ್ಲಿ ಫಸ್ಟ್ ಇಯರ್. ಹಾಸ್ಟೆಲಿನಲ್ಲೇ ಓದಿದವಳು, ಅರ್ಧ ಇಂಗ್ಲಿಷ್ ಬೆರೆತ ನನ್ನ ಕನ್ನಡಕ್ಕೆ ಮೊದಲೇ ಸಾರಿ.

ನಿಮ್ಮ ಕೋವಿ ಇನ್ನೂ ಮನೆಯಲ್ಲಿದೆ. ಈಗ ಅದಕ್ಕೆ ಬೆರಳುಬೀಗವಿದೆ. ಅನುಮತಿ ಇರುವ ಮನೆಯವರ ಬೆರಳಿಗೆ ಮಾತ್ರ ತೆರೆಯುತ್ತದೆ, ಕೈ ನಡುಗಿದರೆ ಮುಚ್ಚಿಕೊಳ್ಳುತ್ತದೆ, ಬೇರೆಯವರು ಮುಟ್ಟಿದರೆ ಠಾಣೆಗೆ ತಿಳಿಸುತ್ತದೆ. ಅಣ್ಣ ಐಯಣ್ಣನಿಗೆ ಅನುಮತಿ ಇರಲಿಲ್ಲ. ಹದಿನಾಲ್ಕರಲ್ಲಿ ಅವನು ಜಗಳವಾಡಿ ಸಹಪಾಠಿಯತ್ತ ಖಾಲಿ ಕೋವಿ ಎತ್ತಿದ್ದ. ಇಪ್ಪತ್ತೊಂದು ತುಂಬುವವರೆಗೆ ಕೋವಿ ಮುಟ್ಟಬಾರದೆಂದು ಮಕ್ಕಳ ಕೋರ್ಟು ಹೇಳಿತು. ಮುಟ್ಟದಿದ್ದರೆ ಆ ದಿನ ಅವನ ಕೇಸಿನ ದಾಖಲೆ ಅಳಿಸಿಹೋಗುತ್ತದೆ. ಮುಟ್ಟಿದರೆ ಜೀವನವಿಡೀ ಉಳಿಯುತ್ತದೆ.

ಅವನಿಗೆ ಇಪ್ಪತ್ತೊಂದು ತುಂಬಲು ಒಂದು ತಿಂಗಳಷ್ಟೇ ಬಾಕಿ ಇರುವಾಗ ಅಜ್ಜ ತೀರಿಕೊಂಡರು. ನಮ್ಮ ಕೊಡವರ ಪದ್ಧತಿ ನಿಮಗೆ ಗೊತ್ತೇ ಇದೆ: ಸಾವಾದರೆ ಎರಡು ಗುಂಡು, ಗಂಡು ಹುಟ್ಟಿದರೆ ಒಂದು. ಈಗ ಹೆಣ್ಣು ಹುಟ್ಟಿದರೂ ಒಂದು ಹಾರಿಸುತ್ತೇವೆ. ಅಪ್ಪ ಕಡಲಹೊಲದಲ್ಲಿದ್ದರು, ಅಂದರೆ ಸಮುದ್ರದೊಳಗೆ ಪಾಚಿ ಬೆಳೆಯುವ ಕಡೆ. ಅಲ್ಲಿಂದ ಬೇಗ ಮೇಲೆ ಬರಲಾಗದು. ಕೋವಿಗೆ ಗೊತ್ತಿದ್ದ ಬೆರಳು ಊರಲ್ಲಿ ನನ್ನದೊಂದೇ. ಅಂಗಳದಲ್ಲಿ ಮಾವ ಅಣ್ಣನನ್ನು ಕೆಣಕಿದರು: "ಏನೋ, ಮನೆಮಗ ನಿಂತು ನೋಡೋದು, ಹುಡುಗಿ ಗುಂಡು ಹಾರಿಸೋದಾ?"

ಮೊದಲ ಗುಂಡು ಹಾರಿತು. ಟೆನ್ಷನ್ನಿಗೆ ಕೈ ನಡುಗಿ ಬೀಗ ಮುಚ್ಚಿಕೊಂಡಿತು. ಎಷ್ಟು ಒತ್ತಿದರೂ ತೆರೆಯದು. ಅಷ್ಟರಲ್ಲಿ ಪಕ್ಕದ ಮನೆಯ ಬೊಳ್ಳವ್ವ ಖುಷಿಯಿಂದ ಕೂಗಿದರು: "ಯಾರಿಗೆ ಮಗು ಆಯ್ತು?"

ಅಳುತ್ತಿದ್ದವರೇ ಕಿಸಕ್ಕನೆ ನಕ್ಕರು. ಅಣ್ಣ ನಗಲಿಲ್ಲ. ಅಜ್ಜನ ಸಾವು ಊರಿಗೆ ಹೀಗೆ ತಪ್ಪಾಗಿ ಕೇಳಿಸಿದ್ದನ್ನು ಅವನು ತಡೆದುಕೊಳ್ಳಲಾರ ಎಂದು ನನಗೆ ಗೊತ್ತಿತ್ತು. ಅವನು ನೇರ ನನ್ನತ್ತ ನಡೆದು ಬಂದ. ಕೋವಿ ಕಿತ್ತುಕೊಂಡೇಬಿಡುತ್ತಾನೆ, ಮುಗಿಯಿತು ಅಂದುಕೊಂಡೆ. ಪಕ್ಕಕ್ಕೆ ಬಂದವನು ಎರಡೂ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡ.

"ಆತುರ ಇಲ್ಲ ಮುತ್ತಿ. ಅಜ್ಜ ಎಲ್ಲಿಗೂ ಓಡಿಹೋಗಲ್ಲ. ಉಸಿರು ಬಿಡು."

ನನಗೂ ನಗು ಬಂತು. ನಗುತ್ತಲೇ ಕೈ ನೆಟ್ಟಗಾಯಿತು, ಬೀಗ ತೆರೆಯಿತು, ಎರಡನೇ ಗುಂಡು ಹಾರಿತು. ಬೊಳ್ಳವ್ವ ಅಳುತ್ತಾ ಓಡಿಬಂದರು.

ನಿನ್ನೆ ಅಣ್ಣನಿಗೆ ಇಪ್ಪತ್ತೊಂದು ತುಂಬಿತು. ದಾಖಲೆ ಅಳಿಸಿದೆ ಅಂತ ಮೆಸೇಜ್ ಬಂತು. ಅವನು ಓದಿ ಮಗ್ಗುಲು ಬದಲಿಸಿ ಮಲಗಿದ. ಅತ್ತವಳು ನಾನೇ, ಮನಸ್ಸು ಹಗುರಾಗಿ.

ಅಜ್ಜಿ, ಒಂದು ಕೋರಿಕೆ. ಅಣ್ಣನಂತೆ ತಪ್ಪು ಮಾಡಿದ ಮಕ್ಕಳ ಕೈಗೆ ಕೋವಿ ಕೊಡಬೇಕೇ ಎಂದು ನಿಮ್ಮ ಕಾಲದಲ್ಲಿ ಚರ್ಚೆ ನಡೆದರೆ ಬೇಡವೆನ್ನಿ. ಎಲ್ಲಿಯವರೆಗೆ ಬೇಡ ಎಂಬ ತಾರೀಖನ್ನೂ ದಯವಿಟ್ಟು ಕಾನೂನಿನಲ್ಲಿ ಬರೆಸಿ. ಆ ತಾರೀಖು ಇದ್ದದ್ದರಿಂದಲೇ ಅಂದು ಕೈ ಹಿಂದಕ್ಕೆ ಕಟ್ಟಿಕೊಂಡೆ ಅನ್ನುತ್ತಾನೆ ಅಣ್ಣ.

ನಿಮ್ಮ,
ಮುತ್ತಕ್ಕಿ