ಗೋಡೆಯಿಂದ ಕಿತ್ತ ಪಟ

ಅಣ್ಣ,

ನಾನು, ಅತ್ತಿಗೆ, ಸಿರಿ ಕೊಡ್ಲಿಪೇಟೆಯ ಚಿಕ್ಕಮ್ಮನ ಮನೆಗೆ ಹೋಗುತ್ತಿದ್ದೇವೆ. ನನ್ನನ್ನು ನೋಡಲು ಗಂಡಿನ ಕಡೆಯವರು ಬರುವ ಹೊತ್ತಿಗೆ ನಾವು ಮನೆಗೆ ವಾಪಸ್ ಬಂದಿರುತ್ತೇವೋ ಇಲ್ಲವೋ, ಅದು ನಿನ್ನ ಕೈಯಲ್ಲಿದೆ.

ರವೆ ಹುರಿದಿಟ್ಟಿದ್ದೇನೆ. ಉಪ್ಪಿಟ್ಟು ನೀನೇ ಕೆದಕು.

ನಿನ್ನ ಮಗಳು ಸಿರಿಯ ಸನ್ನೆ ಭಾಷೆಯ ಪಟವನ್ನು ನಡುಮನೆ ಗೋಡೆಯಿಂದ ಕಿತ್ತು, ಪುಸ್ತಕಗಳ ಸಮೇತ ಕಾಫಿ ಚೀಲಗಳ ಹಿಂದೆ ತುರುಕಿದ್ದೀಯ. ನಿನ್ನೆ ಮದುವೆ ಬ್ರೋಕರ್ ಬಂದಾಗ ಅವಳನ್ನೇ ಕೋಣೆಗೆ ತಳ್ಳಿ ಚಿಲಕ ಹಾಕಿದೆ. ಕೇಳಿದರೆ, "ಮನೇಲಿ ಕಿವಿ ಕೇಳದ ಮಗು ಐತೆ ಅಂತ ಗೊತ್ತಾದ್ರೆ ನಿನ್ ಸಂಬಂಧ ತಪ್ಪೋಯ್ತದೆ ಕಣೇ" ಅಂದೆ. ತಪ್ಪಿಹೋಗಲಿ! ನನ್ನ ಹೆಸರು ಹೇಳಿಕೊಂಡು ಆ ಮಗುವನ್ನು ಬಚ್ಚಿಡು ಅಂತ ನಾನು ಯಾವತ್ತು ಕೇಳಿದ್ದೆ?

ಪಟ ಮೊದಲಿದ್ದ ಜಾಗಕ್ಕೇ ಬರಬೇಕು. ಹರಿದ ಮೂಲೆಗೆ ಟೇಪ್ ಅಂಟಿಸು. ಪುಸ್ತಕಗಳನ್ನು ಒರೆಸಿ ಟೀಪಾಯಿ ಮೇಲಿಡು. ಬಂದವರು ಇದೇನು ಅಂತ ಕೇಳಿದರೆ, ನನ್ನ ಮಗಳ ಭಾಷೆ ಅಂತ ಬಾಯಿಬಿಟ್ಟು ಹೇಳು. ಅಷ್ಟು ಮಾಡುವುದಾದರೆ ಫೋನ್ ಮಾಡು, ಬರುತ್ತೇವೆ. ಇಲ್ಲದಿದ್ದರೆ ಅವರ ಎದುರು ನೀನೇ ಸೀರೆ ಉಟ್ಟು ಕೂತುಕೋ.

ಇನ್ನೊಂದು ಮಾತು. ಸಿರಿ ನಮಗೆಲ್ಲ ಸನ್ನೆಯಲ್ಲೇ ಒಂದೊಂದು ಹೆಸರಿಟ್ಟಿದ್ದಾಳೆ. ಆ ಪುಸ್ತಕ ತೆರೆದು ಒಂದು ದಿನವಾದರೂ ಅವಳ ಜೊತೆ ಕೂತಿದ್ದರೆ ನಿನಗೂ ಗೊತ್ತಿರುತ್ತಿತ್ತು. ನನ್ನನ್ನು ಕರೆಯಬೇಕಾದರೆ ಮೂಗುಬೊಟ್ಟು ಮುಟ್ಟಿ ತೋರಿಸುತ್ತಾಳೆ, ಅತ್ತಿಗೆಗೆ ಜಡೆ. ನಿನಗೆ ಮೀಸೆ, ಎರಡೂ ಕೈಯಲ್ಲಿ ತಿರುವಿ ನಗುತ್ತಿದ್ದಳು. ಇವತ್ತು ಬೆಳಿಗ್ಗೆ ನಾನು ಅವಳನ್ನು ಅಪ್ಪ ಎಲ್ಲಿ ಅಂತ ಕೇಳಿದೆ. ಮೀಸೆ ತಿರುವಲಿಲ್ಲ.

ಬಾಗಿಲು ಎಳೆದು ಚಿಲಕ ಹಾಕುವ ಹಾಗೆ ಮಾಡಿ, ತೋಟದ ಕಡೆ ಬೆರಳು ತೋರಿಸಿದಳು.

ದಾಕ್ಷಾ