ಹಬೆಯ ಕೋಣೆಗೆ ಬಂದ ಅಗ್ಗದ ಲೆನ್ಸು

ತಾರೀಕು ೧೪, ಭಾನುವಾರ
ಊಟದ ಬಿಡುವು, ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆ, ಬಟ್ಟೆ ಮಡಚುವ ಮೇಜು

ಪ್ರೀತಿಯ ಗೆಳತಿ,

ಚೆನ್ನಾಗಿದ್ದೀಯಾ ಎಂದು ಕೇಳುವುದಿಲ್ಲ. ಕೇಳಿದರೆ ‘ಚೆನ್ನಾಗಿದ್ದೀನಿ’ ಎಂದು ಸುಳ್ಳು ಬರೆಯುತ್ತೀಯ. ಹೊಟ್ಟೆತುಂಬ ಉಣ್ಣುತ್ತಿದ್ದೀಯಾ, ತಂಗಿಯ ಮನೆಯಲ್ಲಿ ನಿನ್ನ ಪಾಲಿಗೆ ಒಂದು ಕಿಟಕಿಯಾದರೂ ಇದೆಯಾ, ಅಷ್ಟು ಹೇಳು ಸಾಕು. ಉತ್ತರ ತಡವಾಯಿತು. ಬೈಯುವುದಿದ್ದರೆ ಈ ಸಾಲು ಓದುವಾಗಲೇ ಬೈದು ಮುಗಿಸು, ಮುಂದೆ ನಾನು ಬಿಡುವು ಕೊಡುವುದಿಲ್ಲ.

ಪೊಟ್ಟಣದಲ್ಲಿ ನಿನ್ನ ಲೆನ್ಸೂ ಒಂದು ಚೀಟಿಯೂ ಇದ್ದವು. ‘ಇದು ಹೇಗಿದೆ ನೋಡಿ ಹೇಳು. ಚೆನ್ನಾಗಿದ್ದರೆ ಇಟ್ಟುಕೋ, ಇಲ್ಲದಿದ್ದರೆ ಯಾರಿಗಾದರೂ ಕೊಡು. ಕ್ಯಾಮೆರಾ ಹಿಡಿಯುವ ಕಾಲ ನನಗೆ ಮುಗಿಯಿತು.’ ಮೊದಲ ಮಾತಿಗೆ ಈ ಪತ್ರ ಉತ್ತರ. ಕೊನೆಯ ಮಾತನ್ನು ನಾನು ಒಪ್ಪುವುದಿಲ್ಲ. ಆ ಜಗಳ ಆಮೇಲೆ.

ಮೊದಲು ಇಲ್ಲಿಯ ಸುದ್ದಿ. ನಿನ್ನ ಬಲಗೈಯನ್ನು ಎಳೆದುಕೊಂಡ ಆ ಇಸ್ತ್ರಿ ಯಂತ್ರಕ್ಕೆ, ಕೈ ಒಳಗೆ ಹೋಗದಂತೆ ತಡೆಯುವ ಕಾವಲು ಸರಳು ವಾಪಸ್ ಬಂದಿದೆ. ತಾವಾಗಿ ಹಾಕಲಿಲ್ಲ. ಹಾಕುವ ತನಕ ಯಂತ್ರ ಮುಟ್ಟುವುದಿಲ್ಲ ಎಂದು ಎಲ್ಲರೂ ನೆಲದ ಮೇಲೆ ಕೂತುಬಿಟ್ಟೆವು. ಮೇಲಿನ ವಾರ್ಡುಗಳಲ್ಲಿ ಹಾಸುಬಟ್ಟೆ ಮುಗಿಯುತ್ತಿದ್ದಂತೆ ಮೇಲ್ವಿಚಾರಕನಿಗೆ ಬೆವರು ಶುರುವಾಯಿತು. ಕೆಲಸ ಬೇಗ ಸಾಗಲಿ ಎಂದು ಸರಳು ಬಿಚ್ಚಿಸಿದವನೂ ಇವನೇ, ಆಮೇಲೆ ಎಲ್ಲ ನಿನ್ನದೇ ಅಜಾಗರೂಕತೆ ಎಂದು ಬರೆದುಕೊಟ್ಟವನೂ ಇವನೇ. ನಾಲ್ಕು ಮೊಳೆಯ ಕೆಲಸ ಅದು, ಗೆಳತಿ. ಆ ನಾಲ್ಕು ಮೊಳೆಗೆ ನಿನ್ನ ಕೈ ಬೇಕಾಯಿತಲ್ಲ ಎಂದು ನೆನೆದಾಗಲೆಲ್ಲ ನನ್ನ ರಕ್ತ ಕುದಿಯುತ್ತದೆ.

ಇರಲಿ, ಲೆನ್ಸಿಗೆ ಬರುತ್ತೇನೆ. ಪೆಟ್ಟಿಗೆ ತೆರೆದಾಗ ನಿಜ ಹೇಳಬೇಕೆಂದರೆ ನಗು ಬಂತು. ಪ್ಲಾಸ್ಟಿಕ್ ಮೈ, ಆಟದ ಸಾಮಾನಿನ ಹಾಗೆ ಹಗುರ. ಫೋಕಸ್ ಹುಡುಕುವಾಗ ಎಣ್ಣೆ ಕಾಣದ ಬಾಗಿಲಿನ ಹಾಗೆ ಕಿರ್ರೆನ್ನುತ್ತದೆ. ಹತ್ತಿರ ತರುವುದಿಲ್ಲ, ದೂರ ತಳ್ಳುವುದಿಲ್ಲ. ಇರುವುದು ಒಂದೇ ನೋಟ, ಐವತ್ತು ಮಿಲಿಮೀಟರಿನದು. ದೊಡ್ಡದಾಗಿ ಬೇಕೆಂದರೆ ನೀನೇ ಹತ್ತಿರ ನಡೆ, ಎಲ್ಲರೂ ಬೇಕೆಂದರೆ ಬೆನ್ನು ಗೋಡೆಗೆ ತಾಗುವ ತನಕ ಹಿಂದೆ ಸರಿ. ನಮ್ಮ ಕೋಣೆಯಲ್ಲಿ ಹಿಂದೆ ಸರಿದರೆ ಕೊಳೆಬಟ್ಟೆಯ ಗಾಡಿ. ಅದರೊಳಗೆ ಒಮ್ಮೆ ಕೂತೆದ್ದಿದ್ದೇನೆ.

ಅಗ್ಗದ್ದು ಬಡವರಿಗೆ, ಒಳ್ಳೆಯದು ಉಳ್ಳವರಿಗೆ ಎಂದು ಅಂಗಡಿಗಳು ನಮಗೆ ಕಲಿಸಿವೆ. ನಾನೂ ಅದನ್ನೇ ನಂಬಿ ಮೂಗು ಮುರಿದಿದ್ದೆ. ಆಮೇಲೆ ಈ ಪುಟ್ಟದನ್ನು ತಿರುಗಿಸಿ ಮುಂದಿನ ಗಾಜು ನೋಡಿದೆ. ಮೈಯೆಲ್ಲ ಕಣ್ಣು ಕಣೇ ಇದಕ್ಕೆ! ನನ್ನ ಕ್ಯಾಮೆರಾದ ಜೊತೆ ಬಂದಿದ್ದ ಉದ್ದ ಮೂತಿಯ ಲೆನ್ಸು ಕತ್ತಲೆಯಲ್ಲಿ ಕಣ್ಣು ಕಿರಿದು ಮಾಡಿಕೊಂಡು ಕೂರುತ್ತಿತ್ತು. ಇದು ಅಗಲಕ್ಕೆ ತೆರೆದು, ನಮ್ಮ ನೆಲಮಾಳಿಗೆಯ ಎರಡು ಟ್ಯೂಬ್‌ಲೈಟಿನ ಬೆಳಕನ್ನೇ ಬೊಗಸೆಯಲ್ಲಿ ಮೊಗೆದುಕೊಳ್ಳುತ್ತದೆ. ಪೂರ್ತಿ ತೆರೆದರೆ ಚಿತ್ರ ತುಸು ಮೆತ್ತಗೆ. ಬೆಳಕಿನ ಅಂಚಿನಲ್ಲಿ ನೇರಳೆ ಗೆರೆ ಮೂಡುತ್ತದೆ. ಸ್ವಲ್ಪ ಮುಚ್ಚಿದರೆ ರೆಪ್ಪೆಗೂದಲು ಎಣಿಸಬಹುದು. ಇನ್ನೊಂದು ಮಾತು: ತಂಪಿನಿಂದ ಹಬೆಗೆ ತಂದ ಕೂಡಲೇ ಗಾಜು ಬೆವರುತ್ತದೆ. ಒರೆಸಬಾರದು. ನಮ್ಮ ಜೊತೆ ಕೂತು ಅದೂ ಸೆಕೆಗೆ ಹೊಂದಿಕೊಳ್ಳಲಿ ಎಂದು ಕಾಯಬೇಕು.

ಇದಕ್ಕೊಂದು ಕೆಲಸ ತಾನಾಗಿ ಹುಡುಕಿಕೊಂಡು ಬಂತು. ಆಸ್ಪತ್ರೆಯವರು ಮೇಲಿನ ಮೊಗಸಾಲೆಯ ಗೋಡೆಗೆ ‘ನಮ್ಮ ಕುಟುಂಬ’ ಎಂದು ಫೋಟೋಗಳನ್ನು ತೂಗುಹಾಕಿದ್ದಾರೆ. ವೈದ್ಯರು, ನರ್ಸುಗಳು, ಲೆಕ್ಕಪತ್ರದವರು, ಕಾವಲುಗಾರ. ಸ್ವಾಗತ ಕೋಣೆಯ ಗಾಜಿನ ತೊಟ್ಟಿಯ ಮೀನುಗಳಿಗೂ ಒಂದು ಚೌಕಟ್ಟು ಸಿಕ್ಕಿದೆ. ಬಟ್ಟೆ ಒಗೆಯುವವರಿಲ್ಲ. ಅವರ ಫೋಟೋಗ್ರಾಫರ್ ಒಮ್ಮೆ ಕೆಳಗೆ ಇಳಿದು ಬಂದಿದ್ದ. ಹಬೆಯೊಳಗೆ ಫ್ಲಾಶ್ ಹೊಡೆದ. ಬಂದದ್ದು ಒಂದು ಬಿಳಿ ಪರದೆ. ‘ಇಲ್ಲಿ ಫೋಟೋ ಬರಲ್ಲಮ್ಮ’ ಎಂದು ಮೆಟ್ಟಿಲು ಹತ್ತಿ ಹೋದ.

ಇಸ್ತ್ರಿ ಅಕ್ಕ ಗೊತ್ತಲ್ಲ, ಎಲ್ಲರಿಗಿಂತ ಹಿರಿಯಳು, ಈ ತಿಂಗಳ ಕೊನೆಗೆ ಕೆಲಸ ಬಿಡುತ್ತಾಳೆ. ಅವಳು ಸೊಂಟದ ಮೇಲೆ ಕೈಯಿಟ್ಟು ಕೇಳಿದಳು: “ಮೀನು ಕುಟುಂಬದೋರಂತೆ. ನಾನ್ಯಾರೇ ಹಾಗಾದ್ರೆ? ಇಷ್ಟು ವರ್ಷ ಇವರ ರಕ್ತದ ಕಲೆ ತಿಕ್ಕಿದ್ದೀನಿ. ಹೋಗೋದ್ರೊಳಗೆ ನನ್ನ ಮುಖ ಆ ಗೋಡೆ ಮೇಲೆ ಇರ್ಬೇಕು. ನೀನು ತೆಗೀತೀಯೋ, ಇಲ್ಲ ನಾನೇ ಹೋಗಿ ಮೀನಿನ ತೊಟ್ಟಿಯೊಳಗೆ ನಿಂತ್ಕೊಳ್ಳಲೋ?”

ಮೂರು ಸಾಲು ಮಾಡಿ ನಿಲ್ಲಿಸಿದೆ. ಹಿರಿಯರು ಮುಂದೆ ಕುರ್ಚಿಯಲ್ಲಿ, ಉಳಿದವರು ಹಿಂದೆ ಹಿಂದೆ. ನಾವು ಕಂಡ ಫೋಟೋಗಳೆಲ್ಲ ಹಾಗೇ ತಾನೆ? ಲೆನ್ಸನ್ನು ಪೂರ್ತಿ ತೆರೆದು, ಹತ್ತಿರ ನಿಂತು ತೆಗೆದೆ. ಮುಂದಿನ ಸಾಲು ಚಾಕುವಿನಿಂದ ಕೊರೆದಂತೆ ಬಂತು. ನಡುವಿನವರು ಮಂಜು. ಹಿಂದಿನವರು ಬರೀ ಹಿಟ್ಟು.

ಗುಂಡಿ ಹೊಲಿಯುವವಳು ಹಿಂದಿನ ಸಾಲಿನಲ್ಲಿದ್ದಳು. ಕ್ಯಾಮೆರಾದ ಪರದೆಗೆ ಮೂಗು ತಾಗಿಸಿ ನೋಡಿದಳು. “ಇದೇನೇ ಇದು? ನಾನು ಸತ್ತು ದೆವ್ವ ಆಗಿ ಬಂದ ಹಾಗಿದೆ!”

“ಪೂರ್ತಿ ತೆರೆದ್ರೆ ಹಾಗೇ. ಒಂದೇ ದೂರದಲ್ಲಿ ಇರೋರನ್ನ ಮಾತ್ರ ಸರಿಯಾಗಿ ತೋರಿಸುತ್ತೆ” ಎಂದೆ.

“ಮೇಲಿನ ಸಾಹೇಬ್ರು ಮಾಡಿದ ಲೆನ್ಸು ಅನ್ನು! ಹಿಂದೆ ನಿಂತೋರು ಕಾಣೋದೇ ಇಲ್ಲ.”

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ, ಸಿಟ್ಟು ಬಂತು. ಒಬ್ಬರನ್ನು ಎತ್ತಿ ಉಳಿದವರನ್ನು ಅಳಿಸುವ ಯಂತ್ರ ನಮಗೆ ಯಾಕೆ ಬೇಕು? ಅದಕ್ಕೆ ಈ ಲೋಕವೇ ಸಾಲದೇ? ಬಿಚ್ಚಿ ಪೆಟ್ಟಿಗೆಗೆ ಹಾಕಬೇಕೆಂದಿದ್ದೆ. ನಿನಗೆ ಬೈಗುಳದ ಪತ್ರವೂ ತಲೆಯಲ್ಲಿ ತಯಾರಾಗಿತ್ತು.

ಅಷ್ಟರಲ್ಲಿ ಇಸ್ತ್ರಿ ಅಕ್ಕ ಕುರ್ಚಿಯಿಂದ ಎದ್ದಳು. “ಒಂದೇ ದೂರ ಅಂದ್ಯಲ್ಲ? ಹಾಗಾದ್ರೆ ಹಿಂದೆ ಮುಂದೆ ಯಾಕೆ ನಿಲ್ಲಿಸ್ತೀಯ? ತಗೀರೇ ಕುರ್ಚೀನ!” ಎಂದು ಕಾಲಲ್ಲೇ ಒದ್ದಳು. ಎಲ್ಲರೂ ಈ ಮಡಚುವ ಮೇಜಿನ ಹಿಂದೆ ಹೋಗಿ ಹೆಗಲಿಗೆ ಹೆಗಲು ಕೊಟ್ಟು ನಿಂತರು. ಏಳು ಜನ, ಒಂದೇ ಸಾಲು, ಅಂಗೈಗಳು ಮೇಜಿನ ಮೇಲೆ. ನಾನು ಬಾಗಿಲುಗಳನ್ನು ಹಾರುಹೊಡೆದು ಹೊರಗಿನ ಓಣಿಯ ತನಕ ಹಿಂದೆ ನಡೆದೆ.

ಬಂತು, ಗೆಳತಿ. ಏಳು ಮುಖ, ಹದಿನಾಲ್ಕು ಕೈ, ಒಂದೂ ಮಂಜಿಲ್ಲ. ಯಂತ್ರಗಳು, ಹಬೆ, ಸೋರುವ ಕೊಳವೆ, ಮೇಲ್ವಿಚಾರಕನ ಗಾಜಿನ ಗೂಡು ಎಲ್ಲ ಹಿಂದೆ ಕರಗಿಹೋಗಿವೆ. ತಪ್ಪು ಲೆನ್ಸಿನದಲ್ಲ. ಸಾಲು ಸಾಲಾಗಿ ನಿಲ್ಲುವುದನ್ನು ನಮಗೆ ಯಾರೋ ಕಲಿಸಿದ್ದರು, ಅದನ್ನೇ ನಾನು ಅದಕ್ಕೂ ಕಲಿಸಲು ಹೋಗಿದ್ದೆ. ಎಲ್ಲರನ್ನೂ ಒಂದೇ ದೂರದಲ್ಲಿ ನಿಲ್ಲಿಸಿದರೆ ಇಷ್ಟು ಕಡಿಮೆ ಬೆಳಕು ಸಾಕು ಎಂದು ಈ ಪ್ಲಾಸ್ಟಿಕ್ಕಿನ ತುಂಡು ಹೇಳಿಕೊಟ್ಟಿತು.

ಚಿತ್ರವನ್ನು ದೊಡ್ಡದು ಮಾಡಿಸಿ ಮೊಗಸಾಲೆಗೆ ಒಯ್ದೆವು. ಮೇಲ್ವಿಚಾರಕ ಅಡ್ಡ ಬಂದ. “ಇದಕ್ಕೆ ಅನುಮತಿ ತಗೊಂಡಿದ್ದೀರಾ?”

“ಮೀನು ತಗೊಂಡಿತ್ತಾ?” ಎಂದಳು ಇಸ್ತ್ರಿ ಅಕ್ಕ.

ಹಿಂದೆ ಗಾಲಿಕುರ್ಚಿಯಲ್ಲಿದ್ದ ರೋಗಿಯೊಬ್ಬ ಕಿಸಕ್ಕೆಂದ. ಒಬ್ಬ ನರ್ಸು ಸುತ್ತಿಗೆ ಹುಡುಕಿಕೊಂಡು ಬಂದಳು. ಈಗ ಅದು ಅಲ್ಲೇ ಇದೆ. ಇಸ್ತ್ರಿ ಅಕ್ಕ ದಿನಾ ಬೆಳಿಗ್ಗೆ ಸುತ್ತುದಾರಿ ಹಿಡಿದು ಅದರ ಮುಂದೆ ಹಾದು ಬರುತ್ತಾಳೆ. ಮೊನ್ನೆ ಅವಳು ನನ್ನ ಕೆನ್ನೆ ಹಿಂಡಿ, “ನನ್ನ ಕೈ ಇಷ್ಟು ಚೆನ್ನಾಗಿದೆ ಅಂತ ನಂಗೇ ಗೊತ್ತಿರ್ಲಿಲ್ಲ ಕಣೇ. ಲೆನ್ಸು ಕಳಿಸಿದೋಳಿಗೆ ಹೇಳು, ಅವಳ ಹೊಟ್ಟೆ ತಣ್ಣಗಿರ್ಲಿ ಅಂತ” ಎಂದಳು. ಹೇಳಿದ್ದೇನೆ. ನನ್ನದನ್ನೂ ಸೇರಿಸಿಕೋ. ಮನೆಯಲ್ಲಿ, ಬೀದಿಯಲ್ಲಿ, ಬಸ್ಸಿನಲ್ಲಿ, ದೀಪ ಮಂಕಾದ ಎಲ್ಲ ಕಡೆ ಈಗ ಇದೇ ನನ್ನ ಜೊತೆ. ದಿನಬಳಕೆಗೆ ಇದಕ್ಕಿಂತ ಒಳ್ಳೆಯದು ಬೇಡ. ಇದು ನನ್ನ ತೀರ್ಪು. ನಿನ್ನ ಋಣ ದೊಡ್ಡದು, ಹೊರಲು ಖುಷಿಯಾಗುತ್ತಿದೆ.

ಮೈ ಕೈ ನೋಡಿಕೋ. ತಂಗಿಯ ಮಕ್ಕಳಿಗೆ ನನ್ನ ಮುತ್ತು. ಏಳು ಜನರ ಹಾರೈಕೆ ನಿನ್ನ ಬೆನ್ನಿಗಿರಲಿ, ನಿದ್ದೆ ಚೆನ್ನಾಗಿ ಬರಲಿ.

ನಿನ್ನ
ಗಲಾಟೆ

ತಾ.ಕ.: ಜಗಳ ಬಾಕಿ ಇದೆಯಲ್ಲ. ನಿನ್ನ ಚೀಟಿಯ ಅಕ್ಷರ ನೋಡಿದ ಕೂಡಲೇ ಗೊತ್ತಾಯಿತು, ಅದು ಎಡಗೈಯಲ್ಲಿ ಬರೆದದ್ದು. ಒಂದೊಂದು ಅಕ್ಷರಕ್ಕೂ ನೀನು ಪಟ್ಟ ಪಾಡು ಕಾಗದದ ಹಿಂಬದಿಗೆ ಒತ್ತಿಬಂದಿತ್ತು. ಅವತ್ತು ಏಪ್ರನ್ನಿನ ಜೇಬಿಗೆ ನನ್ನ ಬಲಗೈ ತುರುಕಿದವಳು, ಈ ಲೆನ್ಸಿನಲ್ಲಿ ತೆಗೆದ ಒಂದು ಚಿತ್ರಕ್ಕೂ ಅದನ್ನು ಹೊರಗೆ ತೆಗೆಯಲಿಲ್ಲ. ಉತ್ತರ ತಡವಾದದ್ದು ಅದಕ್ಕೇ, ಕಲಿಯುತ್ತಿದ್ದೆ. ಕ್ಯಾಮೆರಾವನ್ನು ತಲೆಕೆಳಗು ಮಾಡು. ಹಿಡಿ ಎಡಕ್ಕೆ ಬರುತ್ತದೆ. ಅಂಗೈ ಕೆಳಗೆ ಕೊಟ್ಟು ಹೆಬ್ಬೆರಳಲ್ಲಿ ಗುಂಡಿ ಒತ್ತು. ತಿರುಗಿಸಲು ಏನೂ ಇಲ್ಲ, ಭಾರ ಇಲ್ಲ, ಬೆಳಕು ಬೇಗ ಸಿಗುವುದರಿಂದ ಕೈ ನಡುಗಿದ್ದು ಚಿತ್ರದಲ್ಲಿ ಕಾಣುವುದಿಲ್ಲ. ಚಿತ್ರ ತಲೆಕೆಳಗಾಗಿ ಬರುತ್ತದೆ, ಕಾಗದ ತಿರುಗಿಸಿದರಾಯಿತು. ಮೊದಮೊದಲು ಇವರೆಲ್ಲ ಸರ್ಕಸ್ ಎಂದು ನಕ್ಕರು. ಯಾಕೆಂದು ಹೊಳೆದ ಮೇಲೆ ಯಾರೂ ನಗಲಿಲ್ಲ.

ಲೆನ್ಸನ್ನು ಅಂಚೆಯಲ್ಲಿ ಕಳಿಸುವುದಿಲ್ಲ. ಗೋಡೆಯ ಮೇಲಿನ ಆ ಫೋಟೋದಲ್ಲಿ ನಾನಿಲ್ಲ, ಗೆಳತಿ. ನಾನು ಮೇಜಿನ ಆಚೆ ನಿಲ್ಲಬೇಕಾದರೆ ಈಚೆ ನೀನು ನಿಲ್ಲಬೇಕು. ಬಾ.