ಆಮೆಯ ಬೆನ್ನಿಗಿಟ್ಟ ಕೆಂಪು ಬೊಟ್ಟು

ಕುಂದುರ್ಪಿ, ಭಾನುವಾರ

ಅತ್ತಿಗೆಗೆ ಮೈದುನ ಕದಿರಪ್ಪನ ನಮಸ್ಕಾರ. ಕೆಟ್ಟ ಕನಸು ಬಿತ್ತು. ನಾನು ಕೆಂಪು ಬೊಟ್ಟಿಟ್ಟ ಆಮೆಗಳೆಲ್ಲ ನಮ್ಮ ನೂಲಿಗೆ ಬಣ್ಣ ಹಾಕುವ ತೊಟ್ಟಿಗಿಳಿದು ಬೋಳು ಬೆನ್ನಲ್ಲಿ ಎದ್ದು ಹೋದವು.

ಇಲ್ಲಿಯ ಕುರುಚಲು ಕಾಡಿನಲ್ಲಿ ಮೊದಲ ಸುತ್ತು ಸಿಕ್ಕ ನಲವತ್ತು ಆಮೆಗೂ ನಾನೇ ಬೊಟ್ಟಿಟ್ಟೆ. ಎರಡನೇ ಸುತ್ತಿನಲ್ಲಿ ಬೊಟ್ಟಿರುವವು ಎಷ್ಟು ಸಿಕ್ಕವು ಎಂದು ನೋಡಿ, ಆಮೆ ಎಣಿಸಲು ಬಂದಿರುವ ಸಾಹೇಬರು ಕಾಡಿನ ಒಟ್ಟು ಆಮೆ ಅಂದಾಜು ಮಾಡುತ್ತಾರೆ. ಬೊಟ್ಟಿನವು ಕಡಿಮೆ ಸಿಕ್ಕಷ್ಟೂ ಕಾಡಿನಲ್ಲಿ ಆಮೆ ಹೆಚ್ಚೆಂದು ಲೆಕ್ಕ. ನಿನ್ನೆ ಮಳೆಯಾಯಿತು. ಇವತ್ತು ಆಮೆಗಳು ಹೊರಬಂದು ಕುರಿಹೆಜ್ಜೆಯಲ್ಲಿ ನಿಂತ ನೀರಿಗೆ ಕತ್ತು ಚಾಚಿ ಕುಡಿಯುತ್ತಿದ್ದವು. ಹದಿನೇಳು ಸಿಕ್ಕವು, ಒಂದಕ್ಕೂ ಬೊಟ್ಟಿಲ್ಲ. ಸಾಹೇಬರಿಗೆ ಸಾವಿರಾರು ಆಮೆ ಇವೆಯೆಂದು ಖುಷಿ. ನಾವು ಸೀರೆ ನೇಯುವವರೆಂದು ಬಲ್ಲ ಗಾರ್ಡ್ ಬೈರಣ್ಣ ಮಾತ್ರ, "ಏಮಪ್ಪಾ ಸೀರೆಯೋನೆ, ತಾಬೇಲಿಗೆ ಬಿಡೋ ಬಣ್ಣ ಬಳಿದ್ಬುಟ್ಯಾ?" ಎಂದು ನಕ್ಕ. ಆಮೆಗೆ ಇಲ್ಲಿ ತಾಬೇಲು ಅನ್ನುತ್ತಾರೆ. ಇವತ್ತು ಸಿಕ್ಕವುಗಳಲ್ಲಿ ಚಿಪ್ಪಿನ ಅಂಚು ಮುರಿದ ಒಂದನ್ನು ಹೋದ ಸಲವೇ ಹಿಡಿದಿದ್ದ ನೆನಪು ನನಗೆ. ಇಷ್ಟೊಂದಿದ್ದರೆ ಕಾವಲು ಯಾಕೆಂದು ತೆಗೆದುಬಿಟ್ಟರೆ, ಹಿಡಿದು ಮಾರುವವರು ಒಂದನ್ನೂ ಉಳಿಸುವುದಿಲ್ಲ.

ಕಿಟಕಿಗೆ ಬಳಿದು ಉಳಿದ ಪೇಂಟೂ ನೂಲಿನ ಬಣ್ಣವೂ, ಎರಡೂ ಕೆಂಪೇ, ನಮ್ಮ ಮನೆಯ ಅಟ್ಟದಲ್ಲಿ ಒಂದೇ ತರದ ಡಬ್ಬದಲ್ಲಿದ್ದವು. "ಪೇಂಟು ಇದೇ ಕಣಪ್ಪ, ತಗೊಂಡ್ಹೋಗು" ಎಂದು ನೀವೇ ಕೊಟ್ಟಿರಿ. ಆ ಡಬ್ಬ ಖಾಲಿಯಾಗಿ ಎಸೆದಾಯಿತು.

ಕಾಲಿಗೆ ಚುಚ್ಚಿದ್ದ ಮುಳ್ಳು ತೆಗೆಸಿದೆ, ಊತ ಇಳಿದಿದೆ. ಶುಕ್ರವಾರ ಸಾಹೇಬರ ವರದಿ ಹೋಗುತ್ತದೆ. ಅಷ್ಟರೊಳಗೆ ಅಟ್ಟದಲ್ಲಿ ಉಳಿದ ಡಬ್ಬ ಯಾವುದೆಂದು ಕಲ್ಯಾಣದುರ್ಗದ ಬಸ್ಸಿನ ಕಂಡಕ್ಟರ್ ಕೈಲಿ ಹೇಳಿ ಕಳಿಸಿ. ಮನೆಯಲ್ಲಿ ಉಳಿದದ್ದು ಪೇಂಟಾದರೆ ನಾನು ತಂದದ್ದು ನೂಲಿನ ಬಣ್ಣ, ಸಾಹೇಬರ ಮುಂದೆ ಒಪ್ಪಿಕೊಳ್ಳಲೇಬೇಕು. ಅಟ್ಟದ ಡಬ್ಬಕ್ಕೆ ಬೆರಳದ್ದಿ, ಒಣಗಿಸಿ, ಬರೀ ನೀರಲ್ಲಿ ತೊಳೆದು, ಬಣ್ಣ ಹೋಗುತ್ತದೋ, ಪೇಂಟಿನಂತೆ ಉಳಿಯುತ್ತದೋ ಒಂದು ಸಲ ನೋಡಿ ಅತ್ತಿಗೆ.